40 ಕಿಲೋಮೀಟರಿನ ಪ್ರಶ್ನೆ: ಇರಾನಿನ ವಾಯುರಕ್ಷಣೆಯೂ ಬ್ಯಾಲಿಸ್ಟಿಕ್ ಕ್ಷಿಪಣಿ ತಡೆಯ ವಾದವೂ

ಇರಾನಿನ ವಾಯುರಕ್ಷಣೆಯನ್ನು ಕುರಿತ ಬರಹಗಳಲ್ಲಿ ಒಂದು ನಕಾಶೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಟೆಹರಾನ್, ಇಸ್ಫಹಾನ್ ಮತ್ತು ಪರಮಾಣು ನೆಲೆಯಾದ ಫೋರ್ಡೊಗಳ ಸುತ್ತ 200 ಕಿಲೋಮೀಟರ್ ತ್ರಿಜ್ಯದ ವೃತ್ತಗಳನ್ನು ಎಳೆದು, 2016ರಲ್ಲಿ ರಷ್ಯಾದಿಂದ ಎಸ್-300 ಪಿಎಂಯು-2 ವಾಯುರಕ್ಷಣಾ ವ್ಯವಸ್ಥೆ ಬಂದಮೇಲೆ ಈ ವೃತ್ತಗಳೊಳಗೆ ವಿಮಾನವಾಗಲಿ ಬ್ಯಾಲಿಸ್ಟಿಕ್ ಕ್ಷಿಪಣಿಯಾಗಲಿ ನುಸುಳುವುದು ಕಷ್ಟ ಎಂದು ತೀರ್ಮಾನಿಸಲಾಗುತ್ತದೆ. ಈ ಓದು ತಪ್ಪು. ಅದನ್ನು ತಪ್ಪೆಂದು ತೋರಿಸಲು ಗುಪ್ತ ಕಡತವೇನೂ ಬೇಕಿಲ್ಲ. ರಫ್ತಿಗಾಗಿ ತಯಾರಕರೇ ಪ್ರಕಟಿಸಿದ ವಿವರಪಟ್ಟಿ ಸಾಕು. ಅದರಲ್ಲಿ 200 ಕಿಲೋಮೀಟರ್ ಎಂಬುದು ವಿಮಾನಗಳಿಗೆ ಕೊಟ್ಟ ಅಂಕಿ. ಬ್ಯಾಲಿಸ್ಟಿಕ್ ಗುರಿಗಳಿಗೆ ಕೊಟ್ಟಿರುವುದು ಬೇರೆಯದೇ ಅಂಕಿ: 40 ಕಿಲೋಮೀಟರ್. ಮಾರುವವನೇ ತನ್ನ ಸರಕಿಗೆ ಹಾಕಿದ ಮಿತಿಯನ್ನು ವ್ಯಾಖ್ಯಾನಕಾರರು ಗಮನಿಸದೆ ದಾಟಿಹೋಗಿದ್ದಾರೆ.   

40 ಮತ್ತು 200ರ ನಡುವಿನ ಅಂತರ ಐದು ಪಟ್ಟಿನದಷ್ಟೇ ಎಂದುಕೊಳ್ಳುವಂತಿಲ್ಲ. 200 ಕಿಲೋಮೀಟರ್ ತ್ರಿಜ್ಯದ ವೃತ್ತ ಸುಮಾರು 1,25,000 ಚದರ ಕಿಲೋಮೀಟರ್ ನೆಲವನ್ನು ಒಳಗೊಂಡರೆ, 40ರದು ಒಳಗೊಳ್ಳುವುದು ಸುಮಾರು 5,000 ಮಾತ್ರ; ಅಂದರೆ ಇಪ್ಪತ್ತೈದರಲ್ಲೊಂದು ಪಾಲು. ಫೋರ್ಡೊವನ್ನೇ ನೋಡಿ. 2016ರ ಆಗಸ್ಟಿನಲ್ಲಿ ಅಲ್ಲಿ ಎಸ್-300 ನಿಲ್ಲಿಸಿದ್ದನ್ನು ಇರಾನಿನ ಸರ್ಕಾರಿ ಟಿವಿ ತೋರಿಸಿತು. ಅಲ್ಲಿಂದ ಎಳೆದ 200ರ ವೃತ್ತದೊಳಗೆ ಟೆಹರಾನ್ ಸೇರುತ್ತದೆ, 40ರ ವೃತ್ತ ಟೆಹರಾನನ್ನು ಮುಟ್ಟುವುದೇ ಇಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು: 40 ಕಿಲೋಮೀಟರ್ ಎಂಬುದು ಎದುರಾಳಿ ಕ್ಷಿಪಣಿಯನ್ನು ಸಂಧಿಸಬಹುದಾದ ಅತಿ ದೂರದ ಬಿಂದು. ಮೇಲಿನಿಂದ ಕಡಿದಾಗಿ ಬೀಳುವ ಸಿಡಿತಲೆಯಿಂದ ನಿಜಕ್ಕೂ ರಕ್ಷಣೆ ಸಿಗುವ ನೆಲ ಇದಕ್ಕಿಂತಲೂ ಕಿರಿದು. ಹೀಗಿರುವಾಗ ಇದು ಒಂದು ನೆಲೆಯ, ಒಂದು ಕಾರ್ಖಾನೆಯ ಕಾವಲಾಗಬಹುದೇ ಹೊರತು ದೇಶಕ್ಕೆ ಹಿಡಿದ ಕೊಡೆಯಾಗಲಾರದು.

ದೂರಕ್ಕಿಂತ ಮುಖ್ಯವಾದದ್ದು ವೇಗ. ಅದೇ ವಿವರಪಟ್ಟಿ ಗುರಿಯ ಗರಿಷ್ಠ ವೇಗವನ್ನು ಸೆಕೆಂಡಿಗೆ 2,800 ಮೀಟರ್ ಎಂದು ಹೇಳುತ್ತದೆ. ಎಸೆದ ಕಲ್ಲಿಗೆ ಅನ್ವಯಿಸುವ ಲೆಕ್ಕವೇ ಬ್ಯಾಲಿಸ್ಟಿಕ್ ಕ್ಷಿಪಣಿಗೂ ಹೆಚ್ಚುಕಡಿಮೆ ಅನ್ವಯಿಸುತ್ತದೆ: ದೂರ ಹೆಚ್ಚಿದಂತೆ ಅದರ ವರ್ಗಮೂಲಕ್ಕೆ ಅನುಗುಣವಾಗಿ ವೇಗ ಹೆಚ್ಚಬೇಕು. 650 ಕಿಲೋಮೀಟರ್ ಹಾರುವ ಕ್ಷಿಪಣಿಗೆ ಸೆಕೆಂಡಿಗೆ ಸುಮಾರು ಎರಡೂವರೆ ಕಿಲೋಮೀಟರ್ ವೇಗ ಬೇಕು. 1,000 ಕಿಲೋಮೀಟರಿಗೆ ಸುಮಾರು ಮೂರು. ಇಸ್ರೇಲಿನಿಂದ ಟೆಹರಾನಿನವರೆಗಿನ ಸುಮಾರು 1,600 ಕಿಲೋಮೀಟರಿಗೆ ಮೂರೂವರೆಗಿಂತ ಹೆಚ್ಚು. ಈ ಅಂಕಿಗಳನ್ನು 2,800ರ ಪಕ್ಕದಲ್ಲಿಟ್ಟರೆ ಎಸ್-300ರ ಮಿತಿಯೊಳಗೆ ಸಲೀಸಾಗಿ ಬರುವುದು ಯಾವುದೆಂದು ತಿಳಿಯುತ್ತದೆ. 1988ರ ಫೆಬ್ರವರಿ 29ರಿಂದ ಏಪ್ರಿಲ್ 20ರವರೆಗೆ ಇರಾಕ್ ಇರಾನಿನ ನಗರಗಳ ಮೇಲೆ ಸುಮಾರು 190 ಅಲ್-ಹುಸೇನ್ ಕ್ಷಿಪಣಿಗಳನ್ನು ಹಾರಿಸಿತು. ಅವುಗಳ ವ್ಯಾಪ್ತಿ 600ರಿಂದ 650 ಕಿಲೋಮೀಟರ್. ಶಹಾನ ಕಾಲದಲ್ಲಿ ಅಮೆರಿಕದಿಂದ ಕೊಂಡ ಹಾಕ್ ಕ್ಷಿಪಣಿಗಳು ಇರಾನಿನ ಬಳಿ ಇದ್ದವು. ಆದರೆ ಅವು ವಿಮಾನಗಳಿಗಾಗಿ ಮಾಡಿದವು, ಬೀಳುವ ಸಿಡಿತಲೆಯನ್ನು ತಡೆಯುವಂಥವಲ್ಲ. ಲಕ್ಷಾಂತರ ಜನ ಟೆಹರಾನ್ ಬಿಟ್ಟುಹೋದರು. ಇರಾನ್ 2007ರಲ್ಲಿ ಕೊಳ್ಳಲು ಒಪ್ಪಿ 2016ರಲ್ಲಿ ಪಡೆದ ವ್ಯವಸ್ಥೆ ಅಂದಿನ ಆ ಕ್ಷಿಪಣಿಗಳ ವೇಗಕ್ಕೆ ಹೊಂದುತ್ತದೆ. ಆದರೆ ಅವನ್ನು ಹಾರಿಸಿದ ಸರ್ಕಾರ 2003ರಲ್ಲೇ ಉರುಳಿತ್ತು.

ಈ ಮಿತಿಗಳ ವಾದಕ್ಕೆ ಎದುರಾಗಿ ಸಾಮಾನ್ಯವಾಗಿ ಒಡ್ಡುವ ಪುರಾವೆ 2017ರ ಮಾರ್ಚಿನ 'ದಮಾವಂದ್' ಕವಾಯತು. ಎಸ್-300ನ್ನು ಮರುಭೂಮಿಯಲ್ಲಿ ಪರೀಕ್ಷಿಸಲಾಯಿತು, ಡ್ರೋನ್‌ಗಳ ಜೊತೆ ಒಂದು ಬ್ಯಾಲಿಸ್ಟಿಕ್ ಕ್ಷಿಪಣಿಯನ್ನೂ ಹೊಡೆದುರುಳಿಸಲಾಯಿತು ಎಂದು ಇರಾನ್ ಘೋಷಿಸಿತು. ಈ ಒಂದು ಸುದ್ದಿಯನ್ನು ನೆಚ್ಚಿಕೊಂಡು 'ಇರಾನಿಗೆ ಬ್ಯಾಲಿಸ್ಟಿಕ್ ಕ್ಷಿಪಣಿ ತಡೆಯುವ ಶಕ್ತಿ ಸಾಬೀತಾಗಿದೆ' ಎಂದು ಬರೆದವರಿದ್ದಾರೆ. ಘೋಷಣೆಯನ್ನು ಸುಳ್ಳೆನ್ನುವುದು ನನ್ನ ವಾದವಲ್ಲ. ಅದು ಅಕ್ಷರಶಃ ನಿಜವೆಂದೇ ಇಟ್ಟುಕೊಳ್ಳೋಣ. ಆಗಲೂ ಕೇಳಬೇಕಾದ ಪ್ರಶ್ನೆ ಆ ಗುರಿ ಎಷ್ಟು ದೂರದಿಂದ, ಯಾವ ವೇಗದಲ್ಲಿ ಬಂತು ಎಂಬುದು. ಸುದ್ದಿಯಲ್ಲಿದ್ದದ್ದು ಗುರಿಯ ಜಾತಿ ಮಾತ್ರ, ವೇಗವಲ್ಲ. ವೇಗ ಹೇಳದೆ 'ಬ್ಯಾಲಿಸ್ಟಿಕ್' ಎಂದರೆ, ತೂಕ ಹೇಳದೆ 'ಭಾರ ಎತ್ತಿದ' ಎಂದಂತೆ. ಕಿರುವ್ಯಾಪ್ತಿಯ ಕ್ಷಿಪಣಿಯೊಂದನ್ನು ಅದು ಹೊಡೆದಿದ್ದರೆ ವಿವರಪಟ್ಟಿಯ ಮಾತು ದೃಢಪಟ್ಟಿತು, ಅಷ್ಟೆ. ಅದರ ಮಿತಿ ಒಂದಿಷ್ಟೂ ಹಿಗ್ಗಲಿಲ್ಲ. ನಾನು ಕೇಳುವ ಈ ಕಟ್ಟುನಿಟ್ಟು ಇರಾನಿಗೆ ಮಾತ್ರ ಮೀಸಲಾದದ್ದಲ್ಲ. 1991ರ ಕೊಲ್ಲಿ ಯುದ್ಧದ ಪೇಟ್ರಿಯಾಟ್ ಬಗ್ಗೆ ಅಮೆರಿಕದ ಸೇನೆ ಮೊದಲು ಸೌದಿ ಅರೇಬಿಯಾದಲ್ಲಿ ಶೇ. 80, ಇಸ್ರೇಲಿನಲ್ಲಿ ಶೇ. 50 ಯಶಸ್ಸು ಎಂದಿತು, ಆಮೇಲೆ ಅದನ್ನು 70 ಮತ್ತು 40ಕ್ಕೆ ಇಳಿಸಿತು. ಎಂಐಟಿಯ ಥಿಯೊಡೋರ್ ಪೋಸ್ಟೋಲ್ ಮತ್ತು ಜಾರ್ಜ್ ಲೂಯಿಸ್ ವಿಡಿಯೊಗಳನ್ನು ಚಿತ್ರಚಿತ್ರವಾಗಿ ಬಿಡಿಸಿ ನೋಡಿ ಆ ಅಂಕಿಯೂ ನಿಲ್ಲದೆಂದು ವಾದಿಸಿದರು. ಯುದ್ಧದಲ್ಲಿ ನಿಜವಾಗಿ ಬಳಕೆಯಾದ ಆಯುಧದ ಲೆಕ್ಕವೇ ಹೀಗೆ ಕರಗಿದ ಮೇಲೆ, ಕವಾಯತಿನ ಒಂದು ಸಾಲಿನ ಘೋಷಣೆಯನ್ನು ಸಾಬೀತು ಎನ್ನುವುದು ಸಂಶೋಧನೆಗೆ ತಕ್ಕ ನಡೆಯಲ್ಲ.

ಇಲ್ಲಿ ಇನ್ನೊಂದು ಸಾಕ್ಷ್ಯವಿದೆ, ಅದನ್ನು ಯಾರೂ ಸಾಕಷ್ಟು ಬಳಸಿಲ್ಲ. 2010ರಲ್ಲಿ ಇರಾನಿನ ಮೇಲೆ ನಿರ್ಬಂಧ ಹೇರಿದ ವಿಶ್ವಸಂಸ್ಥೆಯ 1929ನೇ ನಿರ್ಣಯದ ನಂತರ ರಷ್ಯಾ ಎಸ್-300 ಮಾರಾಟವನ್ನು ತಡೆಹಿಡಿದಾಗ ಇರಾನ್ ಅಂತಾರಾಷ್ಟ್ರೀಯ ಮಧ್ಯಸ್ಥಿಕೆಯ ಮೊರೆಹೋಯಿತು. ಆ ದಾವೆ ಇನ್ನೂ ಬಾಕಿಯಿದ್ದಾಗ, 2015ರ ಫೆಬ್ರವರಿಯಲ್ಲಿ, ರಷ್ಯಾದ ಸರ್ಕಾರಿ ಸಂಸ್ಥೆ ರೋಸ್ಟೆಕ್‌ನ ಮುಖ್ಯಸ್ಥ ಸೆರ್ಗೆಯ್ ಚೆಮೆಝೊವ್ ಅದರ ಬದಲಿಗೆ ಆಂಟೆ-2500 ಕೊಡಲು ಮುಂದಾಗಿರುವುದಾಗಿ ಹೇಳಿದರು. ಆಂಟೆ-2500 ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಳೆಸಿದ ವಂಶದ್ದು. 2,500 ಕಿಲೋಮೀಟರ್ ವ್ಯಾಪ್ತಿಯ, ಸೆಕೆಂಡಿಗೆ 4,500 ಮೀಟರ್ ವೇಗದ ಗುರಿಗೂ ಅದು ಸಲ್ಲುತ್ತದೆ ಎಂಬುದು ತಯಾರಕರ ಹೇಳಿಕೆ. ಕೊನೆಗೆ ಇರಾನ್ ಪಡೆದದ್ದು ಪಿಎಂಯು-2ನ್ನೇ. ಇದನ್ನು ಅಂತಿಮ ಪುರಾವೆ ಎಂದು ನಾನು ಹೇಳುವುದಿಲ್ಲ. ಹಳೆಯ ಒಪ್ಪಂದ ಮತ್ತು ದಾವೆಯ ಒತ್ತಡ ಆ ಆಯ್ಕೆಯನ್ನು ಬಿಗಿದಿದ್ದವು. ಆದರೂ ಬ್ಯಾಲಿಸ್ಟಿಕ್ ತಡೆಯೇ ಟೆಹರಾನಿನ ಮೊದಲ ಚಿಂತೆಯಾಗಿದ್ದರೆ ಆ ಪ್ರಸ್ತಾಪ ಅಷ್ಟು ಸುಲಭವಾಗಿ ಬಿದ್ದುಹೋಗುತ್ತಿರಲಿಲ್ಲ. ಅದರ ಮೊದಲ ಚಿಂತೆ ಬಾಂಬು ಹೊತ್ತ ವಿಮಾನಗಳು.

ಸ್ವದೇಶಿ ವ್ಯವಸ್ಥೆಗಳು ಈ ಕೊರತೆ ತುಂಬಿದವು ಎಂಬ ಆಕ್ಷೇಪವನ್ನು ಬೇಗ ಮುಗಿಸಬಹುದು. 2019ರ ಆಗಸ್ಟಿನಲ್ಲಿ ಬಾವರ್-373 ಅನಾವರಣ ಮಾಡಿದ ಅಧ್ಯಕ್ಷ ರೂಹಾನಿ ಅದು ಎಸ್-300ಗಿಂತ ಮೇಲು, ಎಸ್-400ಗೆ ಹತ್ತಿರ ಎಂದರು. 2024ರ ಫೆಬ್ರವರಿಯಲ್ಲಿ ತೋರಿಸಿದ ಅರ್ಮಾನ್‌ಗೆ ಇರಾನಿನ ಅಧಿಕಾರಿಗಳು 'ಬ್ಯಾಲಿಸ್ಟಿಕ್ ನಿರೋಧಕ' ಎಂಬ ಹೆಸರನ್ನೇ ಕೊಟ್ಟರು. 120ರಿಂದ 180 ಕಿಲೋಮೀಟರ್ ದೂರದಲ್ಲಿ ಆರು ಗುರಿಗಳನ್ನು ಒಟ್ಟಿಗೆ ಎದುರಿಸುತ್ತದೆ ಎಂದರು. ವಿಮಾನದ ಅಂಕಿಯನ್ನೂ ಸಿಡಿತಲೆಯ ಅಂಕಿಯನ್ನೂ ಬೇರ್ಪಡಿಸಿ ಹೇಳಿದ ರಷ್ಯನ್ ತಯಾರಕರ ಪಟ್ಟಿಯ ಮುಂದೆ ಈ ಮಾತು ಸೊರಗುತ್ತದೆ. ಆರು ಗುರಿಗಳು ಯಾವ ಬಗೆಯವು, ಯಾವ ವೇಗದವು ಎಂದು ಹೇಳದ ಹೊರತು 180 ಕಿಲೋಮೀಟರನ್ನು ವಿಮಾನದ ಅಂಕಿಯೆಂದೇ ಓದಬೇಕು.

ಹಾಗೆಂದು 2024ರ ನಂತರ ಹುಟ್ಟಿಕೊಂಡ ವಿರುದ್ಧ ತುದಿಯ ಓದನ್ನೂ ನಾನು ಒಪ್ಪಲಾರೆ. ಆ ವರ್ಷದ ಏಪ್ರಿಲ್ 19ರ ಇಸ್ರೇಲಿ ದಾಳಿಯಲ್ಲಿ ಇಸ್ಫಹಾನಿನ ವಾಯುನೆಲೆಯ ಎಸ್-300ರ ರೇಡಾರ್‌ಗೇ ಪೆಟ್ಟು ಬಿದ್ದದ್ದನ್ನು ಉಪಗ್ರಹ ಚಿತ್ರಗಳು ತೋರಿಸಿದವು. ಅಕ್ಟೋಬರ್ 26ರ ದಾಳಿಯೂ ಎಸ್-300 ನೆಲೆಗಳನ್ನು ಅರಸಿಯೇ ಬಂತು. ಇದರಿಂದ ಆ ವ್ಯವಸ್ಥೆ ಬರೀ ಬೆದರುಗೊಂಬೆ ಎಂದು ತೀರ್ಪು ಕೊಟ್ಟವರು ಮೊದಲಿನವರ ತಪ್ಪನ್ನೇ ತಿರುವಿ ಹಾಕಿದ್ದಾರೆ: ಯಾವ ಗುರಿಗೆ ಮಾಡಿದ್ದು, ಯಾವ ಗುರಿ ಬಂತು ಎಂದು ಇಬ್ಬರೂ ಕೇಳಲಿಲ್ಲ. ಏಪ್ರಿಲ್ ದಾಳಿಯ ಹೊತ್ತಿಗೆ ಇರಾಕಿನ ನೆಲದಲ್ಲಿ ಬಿದ್ದ ಅವಶೇಷಗಳನ್ನು ವಿಶ್ಲೇಷಕರು ವಿಮಾನದಿಂದ ಹಾರಿಸುವ, ಇಸ್ರೇಲಿನ ಸ್ಪ್ಯಾರೋ ಕುಟುಂಬದ ಕ್ಷಿಪಣಿಯದೆಂದು ಗುರುತಿಸಿದರು. ಆ ಕುಟುಂಬವನ್ನು ಮೊದಲು ರೂಪಿಸಿದ್ದು ಇಸ್ರೇಲಿನ ಆರೋ ರಕ್ಷಣಾ ವ್ಯವಸ್ಥೆಯನ್ನು ಪರೀಕ್ಷಿಸಲು, ಸ್ಕಡ್ ಮತ್ತು ಇರಾನಿನದೇ ಶಹಾಬ್-3 ಕ್ಷಿಪಣಿಗಳನ್ನು ಅನುಕರಿಸುವ ಗುರಿಗಳಾಗಿ; ಅಂದರೆ ಬಂದದ್ದು ವಿಮಾನವಲ್ಲ, ಬ್ಯಾಲಿಸ್ಟಿಕ್ ಬಗೆಯ ಗುರಿ.