ಪತ್ತೇದಾರಿಯಲ್ಲಿ ಪ್ರೇಮಕ್ಕೇನು ಕೆಲಸ?

1928ರಲ್ಲಿ ಎಸ್.ಎಸ್. ವ್ಯಾನ್ ಡೈನ್ ಎಂಬ ಅಮೆರಿಕದ ಲೇಖಕರು ಪತ್ತೇದಾರಿ ಕಥೆ ಬರೆಯುವವರಿಗೆಂದು ಇಪ್ಪತ್ತು ನಿಯಮಗಳನ್ನು ಪ್ರಕಟಿಸಿದರು. ಮೂರನೆಯ ನಿಯಮ, ಕಥೆಯಲ್ಲಿ ಪ್ರೇಮಪ್ರಸಂಗ ಇರಕೂಡದು ಎಂಬುದು. ಪತ್ತೇದಾರಿ ಬುದ್ಧಿಯ ಆಟ, ಅದರಲ್ಲಿ ಭಾವನೆ ಬೆರೆತರೆ ಆಟ ಕೆಡುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಇಂಗ್ಲೆಂಡಿನ ಡೊರೊತಿ ಸೇಯರ್ಸ್ ಕೂಡ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇದೇ ಅಭಿಪ್ರಾಯ ಹೇಳಿದ್ದರು. ಆದರೆ ಎರಡೇ ವರ್ಷದಲ್ಲಿ, 1930ರ 'ಸ್ಟ್ರಾಂಗ್ ಪಾಯ್ಸನ್' ಕಾದಂಬರಿಯಲ್ಲಿ, ಅವರ ಪತ್ತೇದಾರ ಪೀಟರ್ ವಿಮ್ಸಿ ಕೊಲೆ ಆರೋಪ ಹೊತ್ತು ಕಟಕಟೆಯಲ್ಲಿ ನಿಂತ ಹ್ಯಾರಿಯೆಟ್ ವೇನ್ ಎಂಬ ಲೇಖಕಿಗೆ ಮನಸೋತ. ಅವಳು ಒಪ್ಪಲು ಇನ್ನೂ ಐದು ವರ್ಷ ಹಿಡಿಯಿತು. 1935ರ 'ಗಾಡಿ ನೈಟ್'ನಲ್ಲಿ ಆಕ್ಸ್‌ಫರ್ಡಿನ ಮಹಿಳಾ ಕಾಲೇಜಿಗೆ ಹೊಲಸು ಪತ್ರ ಬರೆಯುತ್ತಿರುವವರು ಯಾರು ಎಂಬುದೂ, ಓದಿದ ಹೆಣ್ಣು ಮದುವೆಯಾದ ಮೇಲೆ ತನ್ನ ಬುದ್ಧಿಯನ್ನು ಉಳಿಸಿಕೊಳ್ಳಬಲ್ಲಳೇ ಎಂಬುದೂ ಒಂದೇ ಪ್ರಶ್ನೆಯ ಎರಡು ಮುಖಗಳಾಗುತ್ತವೆ. ಈ ಕಾದಂಬರಿ ಓದಿದವರು ಮೂರನೆಯ ನಿಯಮವನ್ನು ಮತ್ತೆ ನಂಬಲಾರರು.

ಆಮೇಲಿನ ದಶಕಗಳಲ್ಲಿ ಪತ್ತೇದಾರಿಯೂ ಪ್ರೇಮವೂ ಅತ್ಯಂತ ಚೆನ್ನಾಗಿ ಕೂಡಿಕೊಂಡದ್ದು ಐತಿಹಾಸಿಕ ಪತ್ತೇದಾರಿ ಕಾದಂಬರಿಯಲ್ಲಿ. ಈ ಪ್ರಕಾರದ ನಿತ್ಯದ ಓದುಗನಾಗಿ ನನಗೆ ಕಾಣುವ ಕಾರಣ ಒಂದೇ. ಹಿಂದಿನ ಕಾಲದಲ್ಲಿ ಯಾರು ಯಾರನ್ನು ಮದುವೆಯಾಗಬಹುದು, ಯಾವ ಮನೆಯ ಯಾವ ಕೋಣೆಗೆ ಯಾರು ಕಾಲಿಡಬಹುದು, ಯಾರ ಸಾಕ್ಷಿ ನ್ಯಾಯಾಲಯದಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಕಾನೂನು, ಕುಲ, ಆಸ್ತಿಗಳೇ ತೀರ್ಮಾನಿಸುತ್ತಿದ್ದವು. ಪ್ರೇಮಿಗಳ ಕಾಲಿಗೆ ತೊಡರುವ ಗೋಡೆಯೇ ಪತ್ತೇದಾರನ ಕಾಲಿಗೂ ತೊಡರುತ್ತದೆ. ಎರಡೂ ಕಥೆಗಳು ಆ ಒಂದೇ ಗೋಡೆಯ ಬಳಿಗೆ ಬಂದು ನಿಂತಾಗ ಪುಸ್ತಕ ಗೆಲ್ಲುತ್ತದೆ. ಹಾಗಾಗದಿದ್ದಾಗ ಪ್ರೇಮವು ಅಧ್ಯಾಯ ತುಂಬಿಸುವ ಸರಕಾಗಿ ಉಳಿಯುತ್ತದೆ.

ಮೊದಮೊದಲ ಹೆಜ್ಜೆಗಳು ಚದುರಿದಂತಿವೆ. ರೀಜೆನ್ಸಿ ಕಾಲದ ಪ್ರೇಮಕಥೆಗಳಿಗೆ ಹೆಸರಾದ ಜಾರ್ಜೆಟ್ ಹೇಯರ್ 1936ರಲ್ಲೇ 'ದಿ ಟ್ಯಾಲಿಸ್ಮನ್ ರಿಂಗ್' ಬರೆದರು. ಕೊಲೆ ಆರೋಪ ಹೊತ್ತ ವಾರಸುದಾರ, ಅವನ ನಿರಪರಾಧವನ್ನು ಸಾಬೀತುಪಡಿಸಬಲ್ಲ ಉಂಗುರ, ಎರಡು ಜೋಡಿ ಪ್ರೇಮಿಗಳು, ಕಾಲ 1793. ಇಂದಿನ ಎಷ್ಟೋ ಕಾದಂಬರಿಗಳು ಈ ಪುಸ್ತಕದ ಮೊಮ್ಮಕ್ಕಳು. 1944ರಲ್ಲಿ ಅಗಾಥಾ ಕ್ರಿಸ್ಟಿ ಪ್ರಾಚೀನ ಈಜಿಪ್ಟಿನ ಒಂದು ಮನೆಯೊಳಗೆ ಸಾವಿನ ಸರಣಿ ಹೂಡಿದರು. ಡಚ್ ರಾಯಭಾರಿ ರಾಬರ್ಟ್ ವ್ಯಾನ್ ಗುಲಿಕ್ ಚೀನಾದ ಟ್ಯಾಂಗ್ ಕಾಲದ ನ್ಯಾಯಾಧೀಶ ಡೀಯನ್ನು ಐವತ್ತರ ದಶಕದಲ್ಲಿ ಲೋಕಕ್ಕೆಲ್ಲ ಪರಿಚಯಿಸಿದರು. 1951ರಲ್ಲಿ ಜೋಸೆಫೀನ್ ಟೇ ಬೇರೆಯೇ ದಾರಿ ತೆರೆದರು. 'ದಿ ಡಾಟರ್ ಆಫ್ ಟೈಮ್'ನ ಪೊಲೀಸ್ ಅಧಿಕಾರಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಮೂರನೆಯ ರಿಚರ್ಡ್ ದೊರೆ ತನ್ನ ಅಣ್ಣನ ಮಕ್ಕಳನ್ನು ನಿಜವಾಗಿ ಕೊಲ್ಲಿಸಿದನೇ ಎಂದು ಹಳೆಯ ದಾಖಲೆಗಳನ್ನು ಕೆದಕುತ್ತಾನೆ. 1990ರಲ್ಲಿ ಬ್ರಿಟನ್ನಿನ ಅಪರಾಧ ಕಾದಂಬರಿಕಾರರ ಸಂಘ ಇದನ್ನು ಸಾರ್ವಕಾಲಿಕ ಪತ್ತೇದಾರಿ ಕೃತಿಗಳ ಪಟ್ಟಿಯ ತಲೆಯಲ್ಲಿಟ್ಟಿತು. ಇಂದಿನ ಮನುಷ್ಯ ಅಂದಿನ ಗುಟ್ಟು ಬಿಡಿಸುವ ಈ ಮಾದರಿಗೆ ಕನ್ನಡದಲ್ಲೂ ನಂಟರಿದ್ದಾರೆ. ಅದನ್ನು ಕೊನೆಗೆ ನೋಡೋಣ.

ಈ ಪ್ರಕಾರಕ್ಕೆ ಒಂದು ನೆಲೆ ಕೊಟ್ಟವರು ಎಲಿಸ್ ಪೀಟರ್ಸ್ ಎಂಬ ಹೆಸರಿನಲ್ಲಿ ಬರೆದ ಎಡಿತ್ ಪಾರ್ಜೆಟರ್. 1977ರ 'ಎ ಮಾರ್ಬಿಡ್ ಟೇಸ್ಟ್ ಫಾರ್ ಬೋನ್ಸ್'ನಿಂದ 1994ರವರೆಗೆ ಅವರು ಕ್ಯಾಡ್‌ಫೆಲ್‌ನ ಇಪ್ಪತ್ತು ಕಾದಂಬರಿ ಬರೆದರು. ಕ್ಯಾಡ್‌ಫೆಲ್ ಧರ್ಮಯುದ್ಧಕ್ಕೆ ಹೋಗಿ ಬಂದ ಮಾಜಿ ಯೋಧ. ಹೆಂಗಸರ ಪ್ರೀತಿಯನ್ನು ಬಲ್ಲವನು. ನಡುವಯಸ್ಸಿನಲ್ಲಿ ಶ್ರೂಸ್‌ಬರಿಯ ಮಠ ಸೇರಿ ಮೂಲಿಕೆಯ ತೋಟ ನೋಡಿಕೊಂಡಿದ್ದಾನೆ. ಮೊದಲ ಕಾದಂಬರಿಯ ಕಾಲ 1137. ಮಠಕ್ಕೆ ಒಬ್ಬ ಸಂತಳ ಎಲುಬುಗಳು ಬೇಕಾಗಿವೆ. ಅವನ್ನು ತರಲು ವೇಲ್ಸಿನ ಒಂದು ಹಳ್ಳಿಗೆ ಸನ್ಯಾಸಿಗಳ ತಂಡ ಹೋಗುತ್ತದೆ. ಊರಿನ ಜಮೀನುದಾರ ರಿಸಿಯಾರ್ಟ್ ಕೊಡುವುದಿಲ್ಲ ಎನ್ನುತ್ತಾನೆ. ಮರುದಿನಗಳಲ್ಲೇ ಕಾಡಿನಲ್ಲಿ ಎದೆಗೆ ಬಾಣ ನೆಟ್ಟು ಸತ್ತು ಬಿದ್ದಿರುತ್ತಾನೆ. ಬಾಣ ಎಂಗೆಲಾರ್ಡ್ ಎಂಬ ಯುವಕನದು, ಅವನು ರಿಸಿಯಾರ್ಟನ ಮಗಳನ್ನು ಪ್ರೀತಿಸುವವನು.

ಈ ಎಂಗೆಲಾರ್ಡ್ ಇಂಗ್ಲೆಂಡಿನಿಂದ ಓಡಿಬಂದ ಪರದೇಶಿ. ವೇಲ್ಸಿನ ಅಂದಿನ ಪದ್ಧತಿಯಲ್ಲಿ ನೆಲವೂ ಮಾನವೂ ಬರುವುದು ಬಂಧುಬಳಗದ ಮೂಲಕ. ಬಳಗವಿಲ್ಲದವನಿಗೆ ಆಸ್ತಿಯಿಲ್ಲ, ಆಸ್ತಿಯಿಲ್ಲದವನಿಗೆ ಜಮೀನುದಾರನ ಮಗಳಿಲ್ಲ. ತಂದೆ ಈ ಸಂಬಂಧವನ್ನು ಒಪ್ಪದಿದ್ದುದೂ ಅದಕ್ಕೇ, ಕೊಲೆಯಾದ ಕೂಡಲೇ ಊರೆಲ್ಲ ಬೆರಳು ತೋರಿಸುವುದೂ ಅದಕ್ಕೇ. ಬಾಣ ಕೊಂದ ಆಯುಧವೇ ಅಲ್ಲ ಎಂಬುದನ್ನು ಕ್ಯಾಡ್‌ಫೆಲ್ ಹೆಣ ನೋಡಿ ಅರಿಯುತ್ತಾನೆ. ಅಪರಾಧ ಬಯಲಾಗುವುದಕ್ಕೂ ಜೋಡಿ ಕೂಡುವುದಕ್ಕೂ ಒಂದೇ ಗಂಟು ಬಿಚ್ಚಬೇಕು. ಮುಂದಿನ ಬಹುತೇಕ ಸಂಪುಟಗಳಲ್ಲೂ ಒಂದು ಎಳೆಯ ಜೋಡಿ ಇದ್ದೇ ಇರುತ್ತದೆ. ಇದು ಪುನರಾವರ್ತನೆ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಸ್ಟೀಫನ್ ಮತ್ತು ಮಾಡ್ ಸಿಂಹಾಸನಕ್ಕಾಗಿ ದೇಶವನ್ನು ಹರಿದು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಇಬ್ಬರು ಸಾಮಾನ್ಯರು ಬದುಕಿ ಒಂದಾಗುವುದು ಸಣ್ಣ ಸಂಗತಿಯಲ್ಲ ಎಂದು ಪಾರ್ಜೆಟರ್ ನಂಬಿದ್ದರು. ಆ ನಂಬಿಕೆ ಪುಟಪುಟದಲ್ಲೂ ಕಾಣುತ್ತದೆ.

1999ರಲ್ಲಿ ಅದೇ ಬ್ರಿಟಿಷ್ ಸಂಘ ಐತಿಹಾಸಿಕ ಪತ್ತೇದಾರಿಗೆ ಎಲಿಸ್ ಪೀಟರ್ಸ್ ಹೆಸರಿನಲ್ಲಿ ಬಹುಮಾನ ಹೂಡಿದಾಗ ಮೊದಲು ಗೆದ್ದವರು ಲಿಂಡ್ಸಿ ಡೇವಿಸ್. ಅವರ ಫಾಲ್ಕೊ ಕ್ರಿ.ಶ. 70ರ ರೋಮಿನ ಬಡ ಗೂಢಚಾರ, ಅವನು ಪ್ರೀತಿಸುವ ಹೆಲೆನಾ ಜಸ್ಟಿನಾ ಸೆನೆಟರ್ ಮಗಳು. ಅವಳನ್ನು ವಿಧಿವತ್ತಾಗಿ ಕೈಹಿಡಿಯಬೇಕಾದರೆ ಅವನು ಮೇಲಿನ ಶ್ರೇಣಿಗೆ ಏರಬೇಕು, ಅದಕ್ಕೆ ಬೇಕಾದ ಆಸ್ತಿ 4,00,000 ಸೆಸ್ಟರ್ಸ್. ಫಾಲ್ಕೊ ಒಂದಾದ ಮೇಲೊಂದು ಅಪಾಯದ ಕೆಲಸ ಹಿಡಿಯುವುದು ಈ ದುಡ್ಡಿಗಾಗಿ. ಸರಣಿಯ ಇಂಧನವೇ ಅವನ ಪ್ರೇಮ.

ಇದಕ್ಕೂ ಮುಂಚೆ, 1975ರಲ್ಲಿ, ಈಜಿಪ್ಟ್ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದಿದ್ದ ಬಾರ್ಬರಾ ಮರ್ಟ್ಸ್ ಅವರು ಎಲಿಜಬೆತ್ ಪೀಟರ್ಸ್ ಹೆಸರಿನಲ್ಲಿ ಅಮೇಲಿಯಾ ಪೀಬಡಿ ಎಂಬ ಪತ್ತೇದಾರಿಣಿಯನ್ನು ಸೃಷ್ಟಿಸಿದ್ದರು. 1994ರಲ್ಲಿ ಲಾರಿ ಕಿಂಗ್ ಮುಪ್ಪಿನತ್ತ ಸಾಗಿದ್ದ ಶೆರ್ಲಾಕ್ ಹೋಮ್ಸ್‌ಗೆ ಮೇರಿ ರಸೆಲ್ ಎಂಬ ಹದಿಹರೆಯದ ಶಿಷ್ಯೆಯನ್ನು ಕೊಟ್ಟರು. ಮುಂದೆ ಅವಳನ್ನೇ ಅವನಿಗೆ ಮದುವೆ ಮಾಡಿಸಿದ್ದು ನನಗೆ ಇಂದಿಗೂ ಒಗ್ಗಿಲ್ಲ. 2003ರಲ್ಲಿ ಬಂದ ಇಬ್ಬರು ಬೇರೆ ದನಿಯವರು. ಸಿ.ಜೆ. ಸ್ಯಾನ್ಸಮ್ ಅವರ ಶಾರ್ಡ್‌ಲೇಕ್ ಎಂಟನೆಯ ಹೆನ್ರಿಯ ಕಾಲದ ಗೂನು ಬೆನ್ನಿನ ವಕೀಲ, ಅವನ ಪಾಲಿಗೆ ಪ್ರೇಮ ಎಂದೂ ಕೈಗೂಡದ್ದು. ಜಾಕ್ವೆಲಿನ್ ವಿನ್‌ಸ್ಪಿಯರ್ ಅವರ ಮೇಸಿ ಡಾಬ್ಸ್ ಮೊದಲ ಮಹಾಯುದ್ಧದಲ್ಲಿ ದಾದಿಯಾಗಿದ್ದವಳು, ಅವಳು ಪ್ರೀತಿಸಿದ ವೈದ್ಯ ಬದುಕಿದ್ದೂ ಇಲ್ಲದಂತಾದವನು. ಪ್ರೇಮದ ಗೈರುಹಾಜರಿಯೂ ಒಂದು ಕಾಲದ ಸಾಕ್ಷಿಯಾಗಬಲ್ಲುದು ಎಂದು ಇವರಿಬ್ಬರನ್ನು ಓದಿದರೆ ತಿಳಿಯುತ್ತದೆ.

ಕಳೆದ ಇಪ್ಪತ್ತು ವರ್ಷಗಳಲ್ಲಿ ಪ್ರೇಮಕಾದಂಬರಿಯ ಕಡೆಯಿಂದಲೇ ಲೇಖಕಿಯರು ಇತ್ತ ಬಂದರು. ಅವರಲ್ಲಿ ನಾನು ಮೆಚ್ಚುವವರು ಶೆರಿ ಥಾಮಸ್. ಚೀನಾದಲ್ಲಿ ಹುಟ್ಟಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರು. 2016ರ 'ಎ ಸ್ಟಡಿ ಇನ್ ಸ್ಕಾರ್ಲೆಟ್ ವಿಮೆನ್'ನಲ್ಲಿ ಷಾರ್ಲೆಟ್ ಹೋಮ್ಸ್ ಮದುವೆಯ ಸಂತೆಯಿಂದ ಪಾರಾಗಲು ತನ್ನ ಮಾನವನ್ನು ತಾನೇ ಕಳೆದುಕೊಂಡು, ಹಾಸಿಗೆ ಹಿಡಿದ ಶೆರ್ಲಾಕ್ ಎಂಬ ಇಲ್ಲದ ಅಣ್ಣನ ಹೆಸರಿನಲ್ಲಿ ಪತ್ತೇದಾರಿ ನಡೆಸುತ್ತಾಳೆ. ಅವಳು ಪ್ರೀತಿಸುವವನಿಗೆ ಮದುವೆಯಾಗಿದೆ, ವಿಕ್ಟೋರಿಯಾ ಕಾಲದ ವಿಚ್ಛೇದನ ಸುಲಭದ್ದಲ್ಲ. ಆ ಗೋಡೆ ಗಟ್ಟಿಯಾಗಿರುವುದರಿಂದಲೇ ಅವರಿಬ್ಬರ ಒಂದು ಚಹಾ ಕೂಟವೂ ಉಸಿರು ಬಿಗಿಹಿಡಿಸುತ್ತದೆ.

ಇದೇ ಗುಂಪಿನ ಬಹಳಷ್ಟು ಪುಸ್ತಕಗಳ ಬಗ್ಗೆ ನನಗೆ ದೂರಿದೆ. ಡಿಯಾನಾ ರೇಬರ್ನ್ ಅವರ ವೆರೋನಿಕಾ ಸ್ಪೀಡ್‌ವೆಲ್ ಚಿಟ್ಟೆ ಸಂಗ್ರಹಿಸುತ್ತ ಲೋಕ ಸುತ್ತಿದವಳು, ಮಾತಿನಲ್ಲಿ ಚೂಟಿ, ಓದಲು ಖುಷಿ. ಆದರೆ 1887ರ ಲಂಡನ್ ಅವಳನ್ನು ಎಲ್ಲಿಯೂ ನೋಯಿಸುವುದಿಲ್ಲ. ಬೇಕಾದಲ್ಲಿ ಹೋಗುತ್ತಾಳೆ, ಬೇಕಾದ್ದು ಹೇಳುತ್ತಾಳೆ. ಇಂದಿನ ಅಭಿಪ್ರಾಯಗಳನ್ನೆಲ್ಲ ಹೊತ್ತ ಹೆಣ್ಣಿಗೆ ಅಂದಿನ ಉಡುಪು ತೊಡಿಸಿದರೆ ಇತಿಹಾಸ ಬರಿಯ ಪರದೆಯಾಗುತ್ತದೆ. ಕಾಲ ಎದುರು ನಿಲ್ಲದಿದ್ದರೆ ಜೋಡಿಯನ್ನು ದೂರ ಇಡಲು ಲೇಖಕಿಗೆ ಬೇರೆ ನೆಪ ಬೇಕು. ಆಗ ಶುರುವಾಗುವುದೇ ಸಣ್ಣ ಸಣ್ಣ ಮನಸ್ತಾಪ, ಅರ್ಧಕ್ಕೆ ನಿಂತ ಮಾತು, ಮುಂದಿನ ಸಂಪುಟಕ್ಕೆ ಮುಂದೂಡಿಕೆ.

ಈ ಆಯಾಸ ಕಳೆದದ್ದು ಭಾರತದ ನೆಲದ ಕಾದಂಬರಿಗಳಿಂದ. ಎಚ್.ಆರ್.ಎಫ್. ಕೀಟಿಂಗ್ 1980ರಲ್ಲೇ ಮಹಾರಾಜನೊಬ್ಬನ ಕೊಲೆಯ ಕಥೆ ಬರೆದಿದ್ದರು. ಮಧುಲಿಕಾ ಲಿಡಲ್ 2009ರಲ್ಲಿ ಷಹಜಹಾನನ ದಿಲ್ಲಿಗೆ ಪತ್ತೇದಾರ ಮುಜಫ್ಫರ್ ಜಂಗ್‌ನನ್ನು ತಂದರು. ದೊಡ್ಡ ಅಲೆ ಎದ್ದದ್ದು 2016ರಿಂದೀಚೆಗೆ. ಅಬೀರ್ ಮುಖರ್ಜಿಯವರ 'ಎ ರೈಸಿಂಗ್ ಮ್ಯಾನ್' 1919ರ ಕಲ್ಕತ್ತೆಯದು. ಅಫೀಮಿನ ಚಟದ ಇಂಗ್ಲಿಷ್ ಅಧಿಕಾರಿ ವಿಂಡಂ, ಅವನ ಕೈಕೆಳಗಿನ ಸುರೇಂದ್ರನಾಥ ಬ್ಯಾನರ್ಜಿ. ಸರಣಿಯ ಜೀವ ಇವರಿಬ್ಬರ ಸ್ನೇಹದಲ್ಲಿದೆ. 2021ರ 'ದಿ ಶ್ಯಾಡೋಸ್ ಆಫ್ ಮೆನ್'ನಲ್ಲಿ ಬ್ಯಾನರ್ಜಿಗೂ ಕಥೆ ಹೇಳುವ ಸರದಿ ಬಂದಾಗ ಅದು ಇನ್ನಷ್ಟು ಬೆಳಗಿತು. ಆಂಗ್ಲೋ ಇಂಡಿಯನ್ ಯುವತಿ ಆ್ಯನಿ ಗ್ರಾಂಟಳ ಪ್ರೇಮಪ್ರಸಂಗ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಕುಂಟುತ್ತದೆ.

ಸುಜಾತಾ ಮ್ಯಾಸಿ ಅವರ 2018ರ 'ದಿ ವಿಡೋಸ್ ಆಫ್ ಮಲಬಾರ್ ಹಿಲ್' ಈ ಸಾಲಿನ ಅತ್ಯುತ್ತಮ ಕಾದಂಬರಿ ಎಂದು ನನ್ನ ಎಣಿಕೆ. 1921ರ ಮುಂಬಯಿ. ಅಂದಿನ ವಕೀಲೆ ಕಾರ್ನೇಲಿಯಾ ಸೊರಾಬ್ಜಿಯವರ ಬದುಕಿನಿಂದ ಪ್ರೇರಣೆ ಪಡೆದ ಪೆರ್ವೀನ್ ಮಿಸ್ತ್ರಿ ತಂದೆಯ ವಕೀಲಿ ಕಚೇರಿಯಲ್ಲಿದ್ದಾಳೆ. ತೀರಿಕೊಂಡ ಮುಸ್ಲಿಂ ಗಿರಣಿ ಮಾಲೀಕರೊಬ್ಬರ ಮೂವರು ಪತ್ನಿಯರು ತಮ್ಮ ಪಾಲನ್ನೆಲ್ಲ ಧರ್ಮದತ್ತಿಗೆ ಬಿಟ್ಟುಕೊಟ್ಟಿದ್ದಾರೆಂಬ ಕಾಗದ ಬರುತ್ತದೆ. ಒಬ್ಬಳ ಸಹಿಯ ಜಾಗದಲ್ಲಿ ಬರಿಯ ಒಂದು ಗೀಟು ಗುರುತು. ಓದಲು ಬಾರದವಳು ಯಾವುದಕ್ಕೆ ಒಪ್ಪಿದ್ದಾಳೆಂದು ಅವಳಿಗೆ ಗೊತ್ತೇ? ಕೇಳಬೇಕೆಂದರೆ ಅವರು ಪರದೆಯೊಳಗಿನವರು, ಗಂಡು ವಕೀಲರಿಗೂ ಪೊಲೀಸರಿಗೂ ಒಳಮನೆಗೆ ಪ್ರವೇಶವಿಲ್ಲ. ಹೆಣ್ಣೆಂಬ ಕಾರಣಕ್ಕೆ ವೃತ್ತಿಯಲ್ಲಿ ಹಿಂದೆ ನಿಲ್ಲಿಸಲ್ಪಟ್ಟ ಪೆರ್ವೀನ್ ಅದೇ ಕಾರಣಕ್ಕೆ ಆ ಮನೆಯೊಳಗೆ ಹೋಗಬಲ್ಲ ಒಬ್ಬಳೇ ವಕೀಲೆಯಾಗುತ್ತಾಳೆ.

ಇದರ ಜೊತೆಜೊತೆಗೆ ಅವಳ ಸ್ವಂತ ಕಥೆ ಹೆಣೆದುಕೊಂಡಿದೆ. ಪ್ರೀತಿಸಿ ಮದುವೆಯಾಗಿ ಕಲ್ಕತ್ತೆಗೆ ಹೋದವಳು ಅಲ್ಲಿ ಪಡಬಾರದ ಪಾಡು ಪಟ್ಟು ಹೊರಬಂದಿದ್ದಾಳೆ. ಆದರೆ 1865ರ ಪಾರ್ಸಿ ವಿವಾಹ ಕಾಯಿದೆಯಲ್ಲಿ ಗಂಡ ಸೂಳೆಯರ ಸಹವಾಸ ಮಾಡಿದ್ದು ವಿಚ್ಛೇದನಕ್ಕೆ ಸಾಕಾಗದು. ಬೇರೆ ಇರಲು ಅನುಮತಿ ಸಿಗುತ್ತದೆ, ಬಿಡುಗಡೆ ಸಿಗುವುದಿಲ್ಲ. ಮುಂದಿನ ಕಾದಂಬರಿಯಲ್ಲಿ ಕಾಲಿನ್ ಸ್ಯಾಂಡ್ರಿಂಗಂ ಎಂಬ ಅಧಿಕಾರಿ ಅವಳ ಮನಸ್ಸಿಗೆ ಹತ್ತಿರವಾದಾಗ, ನಡುವೆ ನಿಂತಿರುವುದು ಲೇಖಕಿ ಹೂಡಿದ ನೆಪವಲ್ಲ, ಅಚ್ಚಾದ ಕಾನೂನು. ಆ ವಿಧವೆಯರ ದಾವೆಯೂ ಪೆರ್ವೀನಳ ದಾವೆಯೂ ಒಂದೇ ನ್ಯಾಯಕ್ಕಾಗಿ ಕಾಯುತ್ತಿವೆ.

ನೆವ್ ಮಾರ್ಚ್ ಅವರ 'ಮರ್ಡರ್ ಇನ್ ಓಲ್ಡ್ ಬಾಂಬೆ' 1891ರಲ್ಲಿ ರಾಜಾಬಾಯಿ ಗಡಿಯಾರ ಗೋಪುರದಿಂದ ಇಬ್ಬರು ಪಾರ್ಸಿ ಯುವತಿಯರು ಬಿದ್ದು ಸತ್ತ ನಿಜ ಘಟನೆಯ ಮೇಲೆ ಕಟ್ಟಿದ್ದು. ತಂದೆ ಯಾರೆಂದು ತಿಳಿಯದ ಮಿಶ್ರಕುಲದ ಕ್ಯಾಪ್ಟನ್ ಜಿಮ್ ಅಗ್ನಿಹೋತ್ರಿ ತನಿಖೆಗೆ ಬಂದು ಅದೇ ಮನೆತನದ ಹುಡುಗಿಯನ್ನು ಪ್ರೀತಿಸುತ್ತಾನೆ. ನಡುವೆ ಗಡಿನಾಡಿನ ಸಾಹಸ ಅತಿಯಾಯಿತು, ಆದರೂ ಆ ಪ್ರೇಮದಲ್ಲಿ ಸತ್ಯವಿದೆ. ವಸೀಂ ಖಾನ್ ಅವರ 'ಮಿಡ್‌ನೈಟ್ ಅಟ್ ಮಲಬಾರ್ ಹೌಸ್' ಸ್ವಾತಂತ್ರ್ಯ ಬಂದು ಮೂರು ವರ್ಷ ತುಂಬದ ಹೊತ್ತಿನದು. ಮಹಿಳಾ ಇನ್ಸ್‌ಪೆಕ್ಟರ್ ಪರ್ಸಿಸ್ ವಾಡಿಯಾ ಮತ್ತು ಇಂಗ್ಲಿಷ್ ವಿಧಿವಿಜ್ಞಾನಿ ಬ್ಲ್ಯಾಕ್‌ಫಿಂಚ್ ನಡುವಿನ ಸಂಕೋಚವನ್ನು ಖಾನ್ ಹಿತಮಿತವಾಗಿ ಹಿಡಿದಿದ್ದಾರೆ.

ಬೆಂಗಳೂರಿನ ಸರದಿ 2022ರಲ್ಲಿ ಬಂತು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' 1921ರ ಕಥೆ. ಗಣಿತದ ಹುಚ್ಚಿನ ಹತ್ತೊಂಬತ್ತರ ಕಾವೇರಿ, ಬೌರಿಂಗ್ ಆಸ್ಪತ್ರೆಯ ವೈದ್ಯ ರಾಮು, ಹೆಣ್ಣಿಗೆ ಹೆಚ್ಚು ಓದು ಬೇಡವೆನ್ನುವ ಅತ್ತೆ, ಪಕ್ಕದ ಮನೆಯ ಉಮಾ ಆಂಟಿ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿಸಿದ ಸೆಂಚುರಿ ಕ್ಲಬ್ಬಿನಲ್ಲಿ ಔತಣದ ರಾತ್ರಿ ಕೊಲೆಯಾಗುತ್ತದೆ. ಊರಿನ ಕೆರೆ, ಮರ, ಹಾಲಿನವನ ಕಷ್ಟ ಎಲ್ಲವೂ ಬಲ್ಲವರ ಕೈಯಿಂದ ಬಂದಿವೆ. ಮದುವೆಯಾದ ಮೇಲೆ ಗಂಡಹೆಂಡಿರು ಒಬ್ಬರನ್ನೊಬ್ಬರು ಕಂಡುಕೊಳ್ಳುವುದು ನಮ್ಮ ಕಡೆಯ ಪ್ರೇಮದ ನಿಜವಾದ ನಡೆ. ಅದನ್ನು ಪತ್ತೇದಾರಿಯೊಳಗೆ ತಂದದ್ದು ಇವರ ಹೊಸತನ. ಆದರೆ ರಾಮು ಅತಿ ಒಳ್ಳೆಯವನು. ಅವನು ಒಮ್ಮೆಯಾದರೂ ಗಟ್ಟಿಯಾಗಿ ಬೇಡವೆಂದಿದ್ದರೆ ಕಾವೇರಿಯ ಧೈರ್ಯದ ತೂಕ ಹೆಚ್ಚುತ್ತಿತ್ತು. 2025ರ 'ಇನ್ಟು ದಿ ಲೆಪರ್ಡ್ಸ್ ಡೆನ್'ನಲ್ಲಿ ಅವಳು ಬಸುರಿ, ಕಥೆ ಕೊಡಗಿನ ಕಾಫಿ ತೋಟಕ್ಕೆ ಹೋಗಿದೆ.

ಕನ್ನಡದಲ್ಲಿ ಪತ್ತೇದಾರಿ, ಪ್ರೇಮ, ಇತಿಹಾಸ ಈ ಮೂರೂ ಧಾರೆಗಳು ಸೊಂಪಾಗಿದ್ದವು, ಬೇರೆ ಬೇರೆಯಾಗಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಲಕ್ಷಾಂತರ ಜನರಿಗೆ ಓದುವ ಚಟ ಹಿಡಿಸಿದ. ತ್ರಿವೇಣಿ, ಸಾಯಿಸುತೆ ಮನೆಮನೆಯ ಹೆಸರಾದರು. ತರಾಸು ಅವರ 'ದುರ್ಗಾಸ್ತಮಾನ', ಮಾಸ್ತಿಯವರ 'ಚಿಕವೀರ ರಾಜೇಂದ್ರ' ಇತಿಹಾಸದ ಎತ್ತರಗಳು. ಈ ಎರಡನೆಯ ಕಾದಂಬರಿಯಲ್ಲಿ ಕುಂಟ ಬಸವನ ಹುಟ್ಟಿನ ಗುಟ್ಟನ್ನು ಮಾಸ್ತಿ ಕಾಪಾಡಿಕೊಂಡು ಬರುವ ಬಗೆಯಲ್ಲಿ ಪತ್ತೇದಾರಿಯ ಕಸುಬೂ ಇದೆ. ಟೇ ತೆರೆದ ದಾರಿಯಲ್ಲಿ ನಡೆದವರು ಕೆ.ಎನ್. ಗಣೇಶಯ್ಯ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬ ಪ್ರಶ್ನೆಯಿಂದ 'ಕನಕ ಮುಸುಕು' ಕಟ್ಟಿದರು. ಅವರೂ ವಿಜ್ಞಾನಿಯೇ. ಆದರೆ ಅವರಲ್ಲಿ ಹುಡುಕುವವರು ಇಂದಿನವರು.

ಅಂದಿನವರೇ ಹುಡುಕುವ, ಅಂದಿನ ಕಟ್ಟಳೆಗಳಲ್ಲಿ ಸಿಕ್ಕಿಕೊಂಡೇ ಪ್ರೀತಿಸುವ ಕನ್ನಡ ಕಾದಂಬರಿಗಳ ಸರಣಿಗಾಗಿ ನಾನು ಕಾದಿದ್ದೇನೆ. ಸಾಮಗ್ರಿಗೆ ಬರವಿಲ್ಲ. 1947ರವರೆಗೆ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು, ಪೇಟೆ ಮೈಸೂರು ಸರ್ಕಾರದ್ದು. ಶಿವಾಜಿನಗರದಲ್ಲಿ ತಪ್ಪು ಮಾಡಿ ಕಬ್ಬನ್ ಪಾರ್ಕ್ ದಾಟಿದವನು ಇನ್ನೊಂದು ಅಧಿಕಾರದ ಕೈಗೆ ಹೋಗುತ್ತಿದ್ದ. 1894ರಲ್ಲೇ ಮೈಸೂರಿನಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಗೂ, ಐವತ್ತು ದಾಟಿದ ಗಂಡಿಗೆ ಹದಿನಾಲ್ಕರೊಳಗಿನ ಹುಡುಗಿಯನ್ನು ಕೊಡುವುದಕ್ಕೂ ತಡೆ ಬಂದಿತ್ತು. 1933ರಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯಿದೆ ಬಂತು. ಅದು ಜಾರಿಯಾಗುವ ಮುನ್ನ ಯಾವ ಮನೆಯಲ್ಲಿ ಯಾವ ಪತ್ರಕ್ಕೆ ಯಾವ ವಿಧವೆಯ ಹೆಬ್ಬೆಟ್ಟು ಬಿತ್ತು, ಅದನ್ನು ಓದಿ ಹೇಳಬಲ್ಲ ಹುಡುಗಿ ಯಾರ ಮನೆಯ ಸೊಸೆಯಾಗಲಿದ್ದಳು ಎಂಬಲ್ಲಿಂದ ಯಾರಾದರೂ ಮೊದಲ ಅಧ್ಯಾಯ ಬರೆಯಲಿ.