ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ: ಕಣ್ಣನ್ನು ನಡೆಸುವ ಮೆದುಳಿನ ಚರಿತ್ರೆ

ಬದನಗುಪ್ಪೆ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮ್ಮ ಅನೇಕ ಮಕ್ಕಳು ಬೆಳಿಗ್ಗೆ ಮದರಸದಲ್ಲಿ ಕಾಯಿದಾ ಹಿಡಿದು ಬಲದಿಂದ ಎಡಕ್ಕೆ ಓದುತ್ತಾರೆ. ಆಮೇಲೆ ಶಾಲೆಗೆ ಬಂದು ಕನ್ನಡ ಪಾಠವನ್ನು ಎಡದಿಂದ ಬಲಕ್ಕೆ ಓದುತ್ತಾರೆ. ಇದನ್ನು ಕಂಡ ತಂದೆತಾಯಂದಿರು ಶಿಕ್ಷಕರಲ್ಲಿ ಕೇಳುವುದುಂಟು: “ಮೇಷ್ಟ್ರೇ, ಹೀಗೆ ಎರಡು ಕಡೆಗೂ ಓಡಿಸಿದರೆ ಮಗುವಿನ ಕಣ್ಣು ತಬ್ಬಿಬ್ಬಾಗೋದಿಲ್ವಾ? ಉರ್ದು ಬಿಡಿಸಿಬಿಡೋಣವಾ?” ಕೆಲವರು ಕೇಳುವುದೂ ಇಲ್ಲ, ಬಿಡಿಸಿಯೇ ಬಿಡುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಿ ಹೊರಟರೆ ಸಾವಿರ ವರ್ಷಗಳ ಚರಿತ್ರೆ ತೆರೆದುಕೊಳ್ಳುತ್ತದೆ. ಅದರ ಮುಖ್ಯವಾದ ಪುಟಗಳು ಅರಬಿಯಲ್ಲಿವೆ.

ಇಬ್ನುಲ್ ಹೈಸಮ್ ಅವರ ಹೆಸರನ್ನು ನೀವು ಕೇಳಿರಬಹುದು. ಹಿಜರಿ 354ರ (ಕ್ರಿ.ಶ. 965) ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ, 1040ರ ಸುಮಾರಿಗೆ ಕೈರೋದಲ್ಲಿ ತೀರಿಕೊಂಡವರು. ನೈಲ್ ನದಿಯ ನೀರನ್ನು ಹತೋಟಿಗೆ ತರುವುದಾಗಿ ಹೇಳಿ, ಅದು ಆಗದೆಂದು ತಿಳಿದಾಗ ಖಲೀಫ ಅಲ್ ಹಾಕಿಮನ ಕೋಪಕ್ಕೆ ಹೆದರಿ ಹುಚ್ಚನಂತೆ ನಟಿಸಿ ಮನೆಯೊಳಗೆ ಬಂದಿಯಾಗಿದ್ದರೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಅವರ ಏಳು ಸಂಪುಟಗಳ ‘ಕಿತಾಬುಲ್ ಮನಾಝಿರ್’ ಬೆಳಕಿನ ಗ್ರಂಥವೆಂದೇ ಪ್ರಸಿದ್ಧ. ಕಣ್ಣಿನಿಂದ ಕಿರಣ ಹೊರಡುತ್ತದೆ ಎಂಬ ಗ್ರೀಕರ ಮಾತನ್ನು ಅವರು ಅಲ್ಲಗಳೆದದ್ದನ್ನು ಎಲ್ಲರೂ ಹೇಳುತ್ತಾರೆ. ಆದರೆ ಶಿಕ್ಷಕರಿಗೆ ಹೆಚ್ಚು ಬೇಕಾದ ಮಾತು ಎರಡನೆಯ ಸಂಪುಟದಲ್ಲಿದೆ, ಅದನ್ನು ಹೇಳುವವರು ಕಡಿಮೆ.

ನೋಡುವುದರಲ್ಲಿ ಎರಡು ಬಗೆ ಎನ್ನುತ್ತಾರೆ ಅವರು. ಒಂದು ತಟ್ಟನೆ ಕಾಣುವುದು, ಇನ್ನೊಂದು ತಅಮ್ಮುಲ್, ಅಂದರೆ ನಿಧಾನಿಸಿ ಪರಿಶೀಲಿಸುವುದು. ದೃಷ್ಟಿಯ ನಡುಗೆರೆಯ ಮೇಲೆ ಬಿದ್ದದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಅದರಿಂದ ದೂರ ಸರಿದಷ್ಟೂ ಮಸುಕು. ಆದ್ದರಿಂದ ಕಣ್ಣು ವಸ್ತುವಿನ ಒಂದೊಂದು ಭಾಗದ ಮೇಲೂ ಆ ನಡುಗೆರೆಯನ್ನು ಹಾಯಿಸಬೇಕು, ಚಲಿಸಲೇಬೇಕು. ಅವರು ಕೊಡುವ ಉದಾಹರಣೆ ಬಹಳ ಸೊಗಸಾದದ್ದು. ಅಕ್ಷರ ಬಲ್ಲವನು ‘ಅಬ್ಜದ್’ ಎಂದು ಬರೆದದ್ದನ್ನು ಕಂಡರೆ ಅಲಿಫ್, ಬೇ, ಜೀಮ್, ದಾಲ್ ಎಂದು ಬಿಡಿಸಿ ನೋಡುವುದಿಲ್ಲ, ಕಂಡ ಕೂಡಲೇ ಗುರುತಿಸುತ್ತಾನೆ. ಅಂದರೆ ಓದುವುದು ಬರೀ ಕಣ್ಣಲ್ಲ, ಹಿಂದೆ ಕಲಿತದ್ದನ್ನು ನೆನಪಿಟ್ಟುಕೊಂಡಿರುವ ಬುದ್ಧಿ. ಬಿ.ಎಡ್. ತರಗತಿಯಲ್ಲಿ ಓದು ಕಲಿಸುವ ವಿಧಾನ ಎಂದು ಪಾಠ ಮಾಡುವಾಗ ಈ ಹೆಸರು ಬರುವುದಿಲ್ಲವಲ್ಲ ಎಂದು ನನಗೆ ಬೇಸರವಿದೆ.

ಎಲ್ಲವನ್ನೂ ಅವರೇ ಸರಿಯಾಗಿ ಹೇಳಿಬಿಟ್ಟರು ಎಂದಲ್ಲ. ಬಿಂಬ ಗ್ರಹಿಸುವುದು ಕಣ್ಣಿನ ಮಸೂರವೆಂದು ಅವರು ತಿಳಿದಿದ್ದರು. ಅದು ಹಿಂದಿನ ಅಕ್ಷಿಪಟಲದ ಕೆಲಸವೆಂದು ಕೆಪ್ಲರ್ ತೋರಿಸಿದ್ದು 1604ರಲ್ಲಿ. ಆ ಕೆಪ್ಲರ್ ಓದಿ ಬೆಳೆದ ಪರಂಪರೆಯೂ ಇಬ್ನುಲ್ ಹೈಸಮ್‌ರ ಗ್ರಂಥದ ಲ್ಯಾಟಿನ್ ಅನುವಾದದ್ದೇ. ಅದು 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಗಿತ್ತು.

ಕೈಯನ್ನು ನೇರ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಹೆಚ್ಚುಕಡಿಮೆ ಅಷ್ಟು ಜಾಗ ಮಾತ್ರ ನಮಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಉಳಿದದ್ದಕ್ಕಾಗಿ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಬಾರಿ ನೆಗೆಯುತ್ತದೆ. ಇದು ನೆಗೆತವೇ ಹೊರತು ಜಾರುವಿಕೆ ಅಲ್ಲ ಎಂದು 1879ರ ಹೊತ್ತಿಗೆ ತಿಳಿಯಿತು. ಪ್ಯಾರಿಸ್‌ನಲ್ಲಿ ನೇತ್ರವೈದ್ಯ ಝವಾಲ್ ಅವರ ಜೊತೆಗಿದ್ದ ಲಮಾರ್, ಜರ್ಮನ್ ವಿಜ್ಞಾನಿ ಹೆರಿಂಗ್, ಇಬ್ಬರೂ ಓದುವವರ ರೆಪ್ಪೆಗೆ ನಳಿಕೆಯಂಥ ಸಾಧನ ಮುಟ್ಟಿಸಿ ಕಣ್ಣಿನ ಸ್ನಾಯುವಿನ ಸದ್ದನ್ನೇ ಕೇಳಿದರು! ಮೈಸೂರು–ಚಾಮರಾಜನಗರ ರೈಲಿನಲ್ಲಿ ಬದನಗುಪ್ಪೆಯ ಹತ್ತಿರ, ಕಿಟಕಿಯಾಚೆ ನೋಡುತ್ತ ಕುಳಿತ ಮಗುವಿನ ಕಣ್ಣನ್ನು ಗಮನಿಸಿದರೆ ನಿಮಗೂ ನೆಗೆತ ಕಾಣುತ್ತದೆ: ಕಂಬದ ಜೊತೆ ಸ್ವಲ್ಪ ದೂರ ಹೋಗಿ, ಥಟ್ಟನೆ ಮುಂದಿನದಕ್ಕೆ ಹಾರುತ್ತದೆ. ಯುರೋಪಿನ ವೈದ್ಯರು ಇದಕ್ಕೆ ರೈಲ್ವೆ ನಿಸ್ಟಾಗ್ಮಸ್ ಎಂದೇ ಹೆಸರಿಟ್ಟಿದ್ದರು.

ಹಾಗಾದರೆ ಎಲ್ಲಿಗೆ ನೆಗೆಯಬೇಕೆಂದು ಹೇಳುವವರು ಯಾರು? 1870ರ ದಶಕದಲ್ಲಿ ಡೇವಿಡ್ ಫೆರಿಯರ್ ಕೋತಿಯ ಮೆದುಳಿನ ಮುಂಭಾಗದ ಒಂದು ಜಾಗಕ್ಕೆ ವಿದ್ಯುತ್ ಮುಟ್ಟಿಸಿದಾಗ ಅದರ ಕಣ್ಣುಗಳು ಎದುರು ಬದಿಗೆ ತಿರುಗಿದವು. 1909ರಲ್ಲಿ ಬುಡಾಪೆಸ್ಟ್‌ನ ವೈದ್ಯ ಬಾಲಿಂಟ್ ಒಬ್ಬ ರೋಗಿಯ ಬಗ್ಗೆ ಬರೆದರು. ಅವನ ಕಣ್ಣು ಚೆನ್ನಾಗಿತ್ತು, ಆದರೆ ಒಂದು ಸಲಕ್ಕೆ ಒಂದೇ ವಸ್ತು ಕಾಣುತ್ತಿತ್ತು, ನೋಟವನ್ನು ಬೇಕಾದಲ್ಲಿಗೆ ತಿರುಗಿಸಲು ಆಗುತ್ತಿರಲಿಲ್ಲ. ಕೆಟ್ಟಿದ್ದದ್ದು ಮೆದುಳಿನ ಹಿಂಬದಿಯ ಮೇಲ್ಭಾಗ. 1972ರಲ್ಲಿ ಅಮೆರಿಕದ ವುರ್ಟ್ಸ್ ಮತ್ತು ಗೋಲ್ಡ್‌ಬರ್ಗ್, ನಡುಮೆದುಳಿನ ಪುಟ್ಟ ಉಬ್ಬಿನಲ್ಲಿರುವ ಜೀವಕೋಶಗಳು ಕೋತಿ ಒಂದು ಕಡೆ ನೋಡಲು ಹೊರಟಾಗ ಕಣ್ಣು ಹೊರಳುವ ಮೊದಲೇ ಚುರುಕಾಗುವುದನ್ನು ಕಂಡರು. ಮುಂದೆ ಗಮನ, ಹಿಂದೆ ಕಣ್ಣು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಮೂರ್ತಿ ಅವರ ತಂಡ ಕಣ್ಣಿನ ನೆಗೆತವನ್ನು ಮೆದುಳು ಹೇಗೆ ಯೋಜಿಸುತ್ತದೆ, ಹೇಗೆ ತಡೆಯುತ್ತದೆ ಎಂಬುದನ್ನೂ ಶ್ರೀಧರನ್ ದೇವರಾಜನ್ ಅವರ ತಂಡ ಗಮನವನ್ನೂ ಅಧ್ಯಯನ ಮಾಡಿವೆ.

ಈಗ ತಂದೆತಾಯಂದಿರ ಪ್ರಶ್ನೆಗೆ ಬರೋಣ. ಓದುವವನ ಕಣ್ಣು ನಿಂತ ಜಾಗದ ಸುತ್ತ ಕೆಲವೇ ಅಕ್ಷರ ತೋರಿಸಿ ಉಳಿದದ್ದನ್ನು ಮರೆಮಾಡುವ ಕಂಪ್ಯೂಟರ್ ವಿಧಾನವೊಂದು 1975ರಲ್ಲಿ ಬಂತು. ಇಂಗ್ಲಿಷ್ ಓದುವವರ ಗಮನ ಎಡಕ್ಕೆ ಮೂರು ನಾಲ್ಕು ಅಕ್ಷರ, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರ ಚಾಚುತ್ತದೆ ಎಂದು ಅದರಿಂದ ಗೊತ್ತಾಯಿತು. 1981ರಲ್ಲಿ ಪೊಲಾಟ್ಸೆಕ್, ರೇನರ್ ಮತ್ತು ಸಂಗಡಿಗರು ಬಲದಿಂದ ಎಡಕ್ಕೆ ಸಾಗುವ ಹೀಬ್ರೂ ಭಾಷೆಯವರನ್ನು ಪರೀಕ್ಷಿಸಿದರು. ಹೀಬ್ರೂ ಓದುವಾಗ ಗಮನ ಎಡಕ್ಕೆ ಚಾಚಿತ್ತು. ಅದೇ ಜನ ಇಂಗ್ಲಿಷ್ ಓದಿದಾಗ ಬಲಕ್ಕೆ ಹೊರಳಿತ್ತು. 2014ರಲ್ಲಿ ಇಂಗ್ಲೆಂಡಿನ ಪ್ಯಾಟರ್ಸನ್ ಮತ್ತು ಸಂಗಡಿಗರು ನಮ್ಮ ಉರ್ದುವನ್ನೇ ತೆಗೆದುಕೊಂಡರು. ಉರ್ದು, ಇಂಗ್ಲಿಷ್ ಎರಡೂ ಬಲ್ಲವರ ಗಮನ ಉರ್ದುವಿನಲ್ಲಿ ಎಡಕ್ಕೆ, ಇಂಗ್ಲಿಷಿನಲ್ಲಿ ಬಲಕ್ಕೆ ವಾಲಿತ್ತು. ಅಲ್ಲಿ ಇಂಗ್ಲಿಷ್ ಇದ್ದ ಜಾಗದಲ್ಲಿ ನಮಗೆ ಕನ್ನಡವಿದೆ, ದಿಕ್ಕು ಒಂದೇ. ಲಿಪಿ ಬದಲಾದಾಗ ಮೆದುಳೇ ಗಮನದ ದಿಕ್ಕು ಬದಲಿಸುತ್ತದೆ. ಕಣ್ಣು ಹೇಳಿದಂತೆ ಕೇಳುವ ಆಳು ಮಾತ್ರ. ಅಷ್ಟೇಕೆ, ಉರ್ದು ಸಾಲಿನ ನಡುವೆ ಇಸವಿ ಬಂದರೆ ಆ ಅಂಕಿಗಳನ್ನು ಎಡದಿಂದ ಬಲಕ್ಕೇ ಓದುತ್ತೇವೆ, ಯಾರೂ ತಬ್ಬಿಬ್ಬಾಗುವುದಿಲ್ಲ.

ಆದರೆ ಇವು ಓದು ಚೆನ್ನಾಗಿ ರೂಢಿಯಾದವರ ಮೇಲೆ ನಡೆದ ಪರೀಕ್ಷೆಗಳು. ಅಬ್ಜದ್ ಕಂಡ ಕೂಡಲೇ ಗುರುತಿಸುವುದು ಬಲ್ಲವನಿಗೆ ಮಾತ್ರ ಸಾಧ್ಯ ಎಂದು ಇಬ್ನುಲ್ ಹೈಸಮ್ ಹೇಳಿದ್ದೂ ಇದನ್ನೇ. ಎರಡು ಲಿಪಿಗೂ ದಿನವೂ ಸ್ವಲ್ಪ ಹೊತ್ತು ಕೊಡಬೇಕು. ಸಾಲಿನ ಕೆಳಗೆ ಬೆರಳಿಟ್ಟು ಓದುವ ಮಗುವಿಗೆ ಗದರಬೇಡಿ. ಆ ಬೆರಳು ಗಮನಕ್ಕೆ ಊರುಗೋಲು, ಬೇಡವಾದಾಗ ತಾನೇ ಬಿಡುತ್ತದೆ. ಮಗು ಪದೇ ಪದೇ ಸಾಲು ತಪ್ಪಿಸುತ್ತಿದ್ದರೆ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರೆ, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ, ಬೇಕಾದರೆ ಕನ್ನಡಕ ಹಾಕಿಸಿ. ಉರ್ದು ಬಿಡಿಸುವ ಮಾತನ್ನು ಆಮೇಲೆ ಆಡೋಣ.