ತಾತ ನೋಡಿದ್ದು, ಅಜ್ಜಿ ನೋಡಿದ್ದು

ನಮ್ಮ ಆಫೀಸಿನಲ್ಲಿ ವಾರಕ್ಕೊಬ್ಬರಾದರೂ ‘ಕೆಲಸ ಬಿಟ್ಟು ಊರಲ್ಲಿ ತೋಟ ಮಾಡ್ತೀನಿ ಕಣೋ’ ಅಂತಾರೆ. ಯಾರೂ ಹೋಗಲ್ಲ. ನಮ್ಮ ತಾತ ಮಾತ್ರ ನಿಜವಾಗ್ಲೂ ಹೋದರು, ಒಂದು ಸಿನಿಮಾ ನೋಡಿ.

ಅದು ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ. 1972ರ ಮಾರ್ಚ್ ಕೊನೆಯಲ್ಲಿ ತೆರೆಗೆ ಬಂತು. ಅದೇ ತಿಂಗಳು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. ಅವರ ಕಾಲದ ಭೂಸುಧಾರಣೆ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅಂದರೆ ಯಾರ ಹೊಲ, ಯಾರ ದುಡಿಮೆ ಅನ್ನೋದು ಮನೆಮನೆಯ ಮಾತಾಗಿದ್ದ ಕಾಲ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸಿನಿಮಾ ಎರಡು ವರ್ಷ ಓಡಿತು. ಓದಿದ ಹುಡುಗರು ಪೇಟೆ ಬಿಟ್ಟು ಬೇಸಾಯಕ್ಕೆ ಮರಳಿದರು ಅನ್ನೋ ಮಾತು ಇವತ್ತಿಗೂ ಇದೆ. ಗುಮಾಸ್ತೆ ಕೆಲಸ ಬಿಟ್ಟ ನಮ್ಮ ತಾತ ಅವರಲ್ಲೊಬ್ಬರು.

ಹೋದ ವರ್ಷ ಸಿನಿಮಾ ಪೂರ್ತಿ ನೋಡಿದೆ. ರಾಜ್‌ಕುಮಾರ್ ಮಾಡಿದ ರಾಜೀವಪ್ಪ ಬರಡು ನೆಲವನ್ನ ಹಸಿರು ಮಾಡ್ತಾನೆ, ಅಕ್ಕನ ಮಕ್ಕಳನ್ನ ಓದಿಸ್ತಾನೆ. ಇಷ್ಟು ಎಲ್ಲರಿಗೂ ನೆನಪಿದೆ. ಆದರೆ ಕೊನೆಗೆ ಅದೇ ಅಕ್ಕನ ಮಗ ಅವನನ್ನ ಅನುಮಾನಿಸಿ ಲೆಕ್ಕ ಕೇಳ್ತಾನೆ. ರಾಜೀವಪ್ಪ ಊಟದ ಮಧ್ಯೆ ಎದ್ದು, ಊರು ಬಿಟ್ಟು ನಡೆದುಬಿಡ್ತಾನೆ. ಇದು ಹಳ್ಳಿಗೆ ಕರೆಯೋ ಸಿನಿಮಾನಾ, ಹೋಗಬೇಡ ಅನ್ನೋ ಸಿನಿಮಾನಾ?

ತಾತ ಈಗಿಲ್ಲ. ಅಜ್ಜಿಯನ್ನ ಕೇಳಿದೆ. ‘ಇಬ್ಬರೂ ಜೊತೆಗೇ ನೋಡಿದ್ವಿ. ನಿಮ್ಮ ತಾತ ಬಾವಿ ನೋಡಿದ್ರು, ನಾನು ಆ ಎಂಜಲು ತಟ್ಟೆ ನೋಡ್ದೆ. ಮಕ್ಕಳ ಹೆಸರಿಗೆ ಎಲ್ಲಾ ಬರೀಬೇಡಿ ಅಂತ ಅವತ್ತೇ ಹೇಳಿದ್ದೆ’ ಅಂದ್ರು.

ತಾತ ಬರೆದುಕೊಟ್ಟಿದ್ದರು. ನಮ್ಮಪ್ಪ ಆ ಜಮೀನು ಮಾರಿ ಬೆಂಗಳೂರಲ್ಲಿ ಸೈಟ್ ತಗೊಂಡರು. ತಾತ ಜಗಳ ಆಡಲಿಲ್ಲವಂತೆ. ಆದರೆ ಸೈಟಿನಲ್ಲಿ ಕಟ್ಟಿದ ಮನೆಗೆ ಒಂದು ದಿನವೂ ಬಂದು ಉಳಿಯಲಿಲ್ಲ.

ಸಿನಿಮಾ ಜನರನ್ನ ಬದಲಾಯಿಸುತ್ತೆ ಅಂತ ಸುಲಭವಾಗಿ ಹೇಳ್ತೀವಿ. ನನಗನ್ನಿಸೋದು, ಜನ ತಮಗೆ ಬೇಕಾದ ರೀಲನ್ನಷ್ಟೇ ಮನೆಗೆ ತಗೊಂಡು ಹೋಗ್ತಾರೆ. ಹಳ್ಳಿಗೆ ಹೋಗೋ ಆಸೆ ತಾತನ ಒಳಗೆ ಮೊದಲೇ ಇತ್ತು, ಸಿನಿಮಾ ಧೈರ್ಯ ಕೊಟ್ಟಿತು. ಅಜ್ಜಿಗೆ ಮನೆಯವರ ಗುಣ ಮೊದಲೇ ಗೊತ್ತಿತ್ತು, ಸಿನಿಮಾ ಸಾಕ್ಷಿ ಕೊಟ್ಟಿತು.

ಇದನ್ನ ಬರೀತಿರೋದು ಆ ಸೈಟಿನ ಮನೆಯಲ್ಲೇ ಕೂತು. ರಾಜೀವಪ್ಪನನ್ನ ನೋಡಿ ಅಳೋಕೆ ನನಗೆ ಇನ್ನೂ ಸ್ವಲ್ಪ ಸಂಕೋಚ.